ಎಡದೊರೆ ನಾಡಿನ ಊರೊಟ್ಟಿನ ಕಟ್ಟಡಗಳು

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಸೀಮೆಯನ್ನು ಪ್ರಾಚೀನ ಶಾಸನಗಳು ಎಡದೊರೆ ನಾಡೆಂದು ಕರೆಯುತ್ತವೆ. ಈ ನಾಡಿನ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕೋಟೆಗಳ ಚರಿತ್ರೆಯನ್ನೇ ಬರೆದಿರುವರು. ರಾಯಚೂರು ಯಾವ ವರ್ಷದಲ್ಲಿ ಯಾರ ಕೈಸೇರಿತು, ಮುದಗಲ್ಲು ಯಾರಿಂದ ಯಾರಿಗೆ ಹೋಯಿತು, 1520ರಲ್ಲಿ ಕೃಷ್ಣದೇವರಾಯನು ಆದಿಲಶಾಹನನ್ನು ಹೇಗೆ ಜಯಿಸಿದನು ಎಂಬಿವೇ ಅದರಲ್ಲಿನ ಮುಖ್ಯ ವಿಷಯಗಳು. ಕೋಟೆ ಅರಸನದು, ಗುಡಿ ದೇವರದು, ಆದರೆ ಊರಿನವರೆಲ್ಲರದೂ ಆಗಿದ್ದ ಚಾವಡಿ, ಧರ್ಮಶಾಲೆ, ಮಠದ ಪಡಸಾಲೆ, ಐಗಳು ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಸಾಲೆ, ಇವುಗಳನ್ನು ಕಟ್ಟಿದವರಾರು, ಯಾವ ಬುದ್ಧಿಯಿಂದ ಕಟ್ಟಿದರು, ಅವು ಏಕೆ ನಿಂತವು, ಏಕೆ ಬಿದ್ದವು ಎಂಬುದನ್ನು ವಿಚಾರಿಸಿದವರು ಕಡಿಮೆ. ಇವು ಮಣ್ಣಿನ ಕಟ್ಟಡಗಳಾಗಿದ್ದುದೇ ಇದಕ್ಕೆ ಕಾರಣವಿರಬೇಕು. ಮಣ್ಣಿನ ಮೇಲೆ ಯಾರೂ ಶಾಸನವನ್ನು ಕೆತ್ತಿಸುವುದಿಲ್ಲ.

ಮಾನವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಪೋತ್ನಾಳವೆಂಬ ಊರುಂಟು. ಅದರ ಸುತ್ತಣ ಸೀಮೆಯನ್ನು ನೋಡಿದರೆ ಸಾಕು, ಈ ನಾಡಿನ ಕಟ್ಟಡಗಳ ರೂಪಕ್ಕೆ ಕಾರಣವೇನೆಂಬುದು ತಾನಾಗಿ ತಿಳಿಯುವುದು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ವೈಶಾಖ ಜ್ಯೇಷ್ಠಗಳಲ್ಲಿ ತಾಪವು 40 ಡಿಗ್ರಿಯನ್ನು ದಾಟುವುದು. ಕಾಡು ಇಲ್ಲ, ಬೇವು, ಜಾಲಿಗಳಲ್ಲದೆ ಕಟ್ಟಡಕ್ಕೊದಗುವ ಮರ ದುರ್ಲಭ. ಕಪ್ಪಾದ ಎರೆನೆಲ ಬಹಳ. ನಡುನಡುವೆ ಕೆಂಪು ಮರಡಿ, ಅಲ್ಲಲ್ಲಿ ಬೆಣಚುಕಲ್ಲಿನ ಗುಡ್ಡ. ಮಲೆನಾಡಿನಂತೆ ಇಳಿಜಾರಾದ ಹಂಚಿನ ಮಾಡನ್ನು ಕಟ್ಟಲು ಇಲ್ಲಿ ಮಳೆಯ ಅವಶ್ಯಕತೆಯೂ ಇರಲಿಲ್ಲ, ಮರದ ಅನುಕೂಲವೂ ಇರಲಿಲ್ಲ. ಆದುದರಿಂದ ಸಮತಟ್ಟಾದ ಮಣ್ಣಿನ ಮಾಳಿಗೆಯೇ ಈ ನಾಡಿಗೆ ಒಪ್ಪಿದ ಮೇಲ್ಛಾವಣಿಯಾಯಿತು. ತುಂಗಭದ್ರೆಯ ಆಚೆಗಿರುವ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ನಡೆದ ಉತ್ಖನನದಿಂದ ನವಶಿಲಾಯುಗದ ಜನರು ಬಿದಿರ ತಡಿಕೆಗೆ ಮಣ್ಣನ್ನು ಮೆತ್ತಿ ದುಂಡನೆಯ ಗುಡಿಸಲುಗಳನ್ನು ಮಾಡಿಕೊಂಡಿದ್ದರೆಂದು ತಿಳಿದುಬಂದಿತು. ಮಣ್ಣಿನ ಕೆಲಸವು ಈ ಸೀಮೆಯಲ್ಲಿ ಎಷ್ಟು ಹಳೆಯದೆಂಬುದಕ್ಕೆ ಇದೊಂದೇ ನಿದರ್ಶನ ಸಾಕು.

ಎರೆಯ ಮಣ್ಣು ಬೆಳೆಗೆ ಎಷ್ಟು ಹಿತವೋ ಗೋಡೆಗೆ ಅಷ್ಟು ಅಹಿತ. ನೀರು ಕುಡಿದರೆ ಉಬ್ಬುವುದು, ಒಣಗಿದರೆ ಬಿರಿಯುವುದು. ಬೇಸಗೆಯಲ್ಲಿ ಎರೆಹೊಲದ ಬಿರುಕಿನಲ್ಲಿ ಕೈಯಿಟ್ಟರೆ ಮೊಳದ ಆಳಕ್ಕೆ ಹೋಗುತ್ತದೆ. ಇಂತಹ ನೆಲದ ಮೇಲೆ ಅಡಿಪಾಯವನ್ನು ಹಾಕಿದವನು ಎರಡು ವರ್ಷಗಳಲ್ಲಿ ಪಶ್ಚಾತ್ತಾಪ ಪಡುವನು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಮಯಮತದಲ್ಲಿಯೂ ಭೂಪರೀಕ್ಷೆಯ ಒಂದು ಕ್ರಮ ಹೇಳಿದೆ: ಒಂದು ಹಸ್ತದ ಆಳಕ್ಕೆ ಗುಂಡಿಯನ್ನು ತೋಡಿ, ತೆಗೆದ ಮಣ್ಣನ್ನೇ ಮರಳಿ ತುಂಬಬೇಕು, ಮಣ್ಣು ಮಿಕ್ಕರೆ ಉತ್ತಮ, ಸಮವಾದರೆ ಮಧ್ಯಮ, ಸಾಲದೆ ಬಂದರೆ ಅಧಮ. ಇದನ್ನು ಕೇವಲ ಶಕುನವೆಂದು ತಳ್ಳಿಬಿಡುವವರುಂಟು. ಬಿಗಿಯಾಗಿ ನೆಲೆಗೊಂಡ ಮಣ್ಣು ಅಗೆದಾಗ ಸಡಿಲಿ ಹೆಚ್ಚಾಗುವುದೆಂಬ, ಟೊಳ್ಳಾದ ನೆಲದ ಮಣ್ಣು ಗುಂಡಿಗೆ ಸಾಲದೆಂಬ ಪ್ರತ್ಯಕ್ಷ ಜ್ಞಾನವೇ ಅದರ ಹಿಂದಿರುವುದು. ಆದರೆ ಆ ಪರೀಕ್ಷೆಯಿಂದ ಎರೆಮಣ್ಣಿನ ಕಪಟ ತಿಳಿಯಲಾರದು. ಬೇಸಗೆಯಲ್ಲಿ ಅಗೆದರೆ ಅದೂ ಗಟ್ಟಿಯಾಗಿಯೇ ತೋರುವುದು. ಈ ವಿಷಯದಲ್ಲಿ ಶಾಸ್ತ್ರಕ್ಕಿಂತ ಊರ ಹಿರಿಯರ ಅನುಭವವೇ ಪ್ರಮಾಣ. ಅವರು ಎರೆಯನ್ನು ಉಳುವುದಕ್ಕೆ ಬಿಟ್ಟು, ಊರನ್ನು ಆದಷ್ಟು ಮಟ್ಟಿಗೆ ಮರಡಿಯ ದಿನ್ನೆಯ ಮೇಲೆಯೇ ಕಟ್ಟಿಕೊಂಡರು.

ಮಾಳಿಗೆಯ ರಚನೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಅದನ್ನು ಬಲ್ಲವರು ದಿನದಿನಕ್ಕೆ ಕಡಿಮೆಯಾಗುತ್ತಿರುವರು. ಕಲ್ಲು ಮಣ್ಣುಗಳಿಂದ ಎರಡು ಮೊಳದಷ್ಟು ದಪ್ಪವಾದ ಗೋಡೆ. ಭಾರವನ್ನೆಲ್ಲ ಗೋಡೆಯ ಮೇಲೆಯೇ ಹೊರಿಸದೆ ಒಳಗೆ ಮರದ ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ತೊಲೆ, ತೊಲೆಯ ಮೇಲೆ ಒತ್ತಾಗಿ ಜಂತೆ. ಜಂತೆಗಳ ಮೇಲೆ ತೊಗರಿಯ ಕಟ್ಟಿಗೆಯನ್ನೋ ಸಜ್ಜೆಯ ದಂಟನ್ನೋ ಹಾಸಿ, ಹುಳ ಹಿಡಿಯದಂತೆ ಬೇವಿನ ಸೊಪ್ಪನ್ನು ಹರಡಿ, ಅದರ ಮೇಲೆ ಹದವಾಗಿ ಕಲಸಿದ ಮಣ್ಣನ್ನು ಹೇರಿ ತುಳಿದು ಬಡಿಯುವರು. ಎಲ್ಲಕ್ಕೂ ಮೇಲೆ ಸವಳು ಮಣ್ಣಿನ ಒಂದು ಪದರ. ಇದರಲ್ಲಿಯೇ ಈ ವಿದ್ಯೆಯ ಮರ್ಮವಿರುವುದು. ಹೊಲಕ್ಕೆ ಶತ್ರುವಾದ, ಹುಲ್ಲು ಕೂಡ ಬೆಳೆಯದ ಸವಳನ್ನು ಹುಡುಕಿ ತಂದು ತಲೆಯ ಮೇಲೆ ಹೊದಿಸಿಕೊಂಡವರ ಬುದ್ಧಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಸವಳಿನಲ್ಲಿರುವ ಸೋಡಿಯಂ ಲವಣವು ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುವುದು. ಮೊದಲ ಹನಿಗಳು ಬಿದ್ದೊಡನೆ ಆ ಕಣಗಳು ಉಬ್ಬಿ ಮಣ್ಣಿನ ರಂಧ್ರಗಳನ್ನೆಲ್ಲ ಮುಚ್ಚುವುವು. ಮುಂದಿನ ನೀರು ಒಳಕ್ಕೆ ಇಳಿಯದೆ ದೋಣಿಯ ದಾರಿ ಹಿಡಿಯುವುದು. ಸವಳಿನಲ್ಲಿ ಬೀಜ ಮೊಳೆಯದಾದುದರಿಂದ ಬೇರುಗಳು ಮಾಳಿಗೆಯನ್ನು ಸೀಳುವ ಭಯವೂ ಇಲ್ಲ. ಇಂದಿನ ರಸಾಯನಶಾಸ್ತ್ರವು ಕೊಡುವ ಈ ವಿವರಣೆಯನ್ನು ಆ ಜನರು ಅರಿತಿರಲಿಲ್ಲ, ಫಲವನ್ನು ಅರಿತಿದ್ದರು.

ಇಷ್ಟು ದಪ್ಪದ ಮಣ್ಣಿನ ಮೂಲಕ ಮಧ್ಯಾಹ್ನದ ಬಿಸಿಲು ಒಳಗೆ ಇಳಿಯುವಷ್ಟರಲ್ಲಿ ಸೂರ್ಯಾಸ್ತವಾಗಿರುವುದು. ಆಗ ಜನರು ಹಾಸಿಗೆಯನ್ನು ಹೊತ್ತುಕೊಂಡು ಮಾಳಿಗೆಯನ್ನೇರುವರು. ಮಾಳಿಗೆಯ ನಡುವಣ ಬೆಳಕಿಂಡಿಯಿಂದ ಬೆಳಕು ಬರುವಂತೆಯೇ ಒಳಗಿನ ಬಿಸಿಗಾಳಿಯೂ ಮೇಲಕ್ಕೆ ಹೊರಟುಹೋಗುವುದು. ಚಾವಡಿಯೂ ಸಾಲೆಯೂ ಇದೇ ಕ್ರಮದಲ್ಲಿ, ಮನೆಗಿಂತ ಸ್ವಲ್ಪ ದೊಡ್ಡದಾಗಿ, ಒಂದು ಪಾರ್ಶ್ವ ತೆರೆದಂತೆ ಇರುತ್ತಿದ್ದುವು.

ಹೀಗಿದ್ದರೂ ಮಣ್ಣಿನ ಕಟ್ಟಡವು ಒಮ್ಮೆ ಕಟ್ಟಿ ಮರೆತುಬಿಡತಕ್ಕ ವಸ್ತುವಲ್ಲ. ವರ್ಷ ವರ್ಷವೂ ರೋಹಿಣಿಯ ಬಿಸಿಲಿನಲ್ಲಿ, ಮೃಗಶಿರೆಯ ಮಳೆ ಬೀಳುವುದಕ್ಕೆ ಮುಂಚೆ, ಮಾಳಿಗೆಯನ್ನು ಹತ್ತಿ ಇಲಿ ಇರುವೆಗಳ ಬಿಲಗಳನ್ನು ತುಂಬಿ ಹೊಸ ಸವಳನ್ನು ಹಾಕಿ ಬಡಿಯಬೇಕು. ಗೋಡೆಗೆ ಸಗಣಿ ಹೊಟ್ಟುಗಳನ್ನು ಕೂಡಿಸಿದ ಮಣ್ಣನ್ನು ಸಾರಿಸಬೇಕು. ಮನೆಯಾದರೆ ಮನೆಯವರು ಮಾಡಿಕೊಂಡಾರು. ಊರೊಟ್ಟಿನ ಕಟ್ಟಡಕ್ಕೆ ಹತ್ತುವವರಾರು? ಈ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿಯೇ ಈ ಕಟ್ಟಡಗಳ ನಿಜವಾದ ಚರಿತ್ರೆಯು ಅಡಗಿರುವುದು.

ಆಫ್ರಿಕಾ ಖಂಡದ ಮಾಲಿ ದೇಶದಲ್ಲಿ ಜೆನ್ನೆ ಎಂಬ ಪಟ್ಟಣವುಂಟು. ಅಲ್ಲಿನ ದೊಡ್ಡ ಮಸೀದಿಯು 1907ರಲ್ಲಿ ಈಗಿನ ರೂಪದಲ್ಲಿ ಕಟ್ಟಲ್ಪಟ್ಟಿತು. ಜಗತ್ತಿನ ಅತ್ಯಂತ ದೊಡ್ಡ ಮಣ್ಣಿನ ಕಟ್ಟಡಗಳಲ್ಲಿ ಅದೊಂದು. ಪ್ರತಿವರ್ಷ ಒಂದು ಗೊತ್ತಾದ ಕಾಲದಲ್ಲಿ ಪಟ್ಟಣದ ಗಂಡಸರು ಗೋಡೆಯಿಂದ ಹೊರಚಾಚಿದ ಮರದ ತುಂಡುಗಳ ಮೇಲೆ ನಿಂತು ಮಣ್ಣನ್ನು ಮೆತ್ತುವರು, ಹೆಂಗಸರು ನೀರು ಹೊರುವರು. ಇದು ಅಲ್ಲಿಯವರಿಗೆ ಒಂದು ಹಬ್ಬ. ಮಸೀದಿಯು ಇಷ್ಟು ಕಾಲ ನಿಂತಿರುವುದು ಮಣ್ಣಿನ ಸತ್ತ್ವದಿಂದಲ್ಲ, ಆ ಹಬ್ಬದಿಂದ. ಎಡದೊರೆ ನಾಡಿನಲ್ಲಿಯೂ ಜಾತ್ರೆಗೆ ಮುಂಚೆ ಗುಡಿಗೆ ಸುಣ್ಣ ಬಳಿಯುವ, ಮಠದ ಮಾಳಿಗೆಗೆ ಮಣ್ಣು ಹೊರುವ ಭಕ್ತಿಸೇವೆಯು ಇದ್ದೇ ಇತ್ತು. ಆದರೆ ಎಲ್ಲವೂ ಭಕ್ತಿಯಿಂದ ನಡೆಯಿತೆಂದು ಬರೆಯುವುದು ಚರಿತ್ರೆಯಲ್ಲ. ಚಾವಡಿಯ ಮಣ್ಣನ್ನು ಹೊತ್ತದ್ದು ಬಹುಮಟ್ಟಿಗೆ ಬಿಟ್ಟಿ. ಗೌಡ ಕುಲಕರ್ಣಿಗಳ ಆಜ್ಞೆಯಂತೆ ಕೂಲಿಯಿಲ್ಲದೆ ದುಡಿದವರು ಊರ ಹೊರಗಿನ ಕೇರಿಯವರು. ಅವರಲ್ಲಿಯೂ ಹೆಂಗಸರು ಹೆಚ್ಚು. ಮಣ್ಣನ್ನು ತುಳಿದು ಹದಗೊಳಿಸಿದವರಿಗೆ, ಮಾಳಿಗೆಯು ಸಿದ್ಧವಾದ ಮೇಲೆ ಅದರ ನೆರಳಿನಲ್ಲಿ ಕುಳಿತುಕೊಳ್ಳುವ ಅಧಿಕಾರವಿರಲಿಲ್ಲ. ಅವರ ವ್ಯಾಜ್ಯವನ್ನು ಒಳಗಿದ್ದವರು ತೀರ್ಮಾನಿಸುವಾಗ ಅವರು ಕೆಳಗೆ ಬಿಸಿಲಿನಲ್ಲಿ ನಿಲ್ಲುತ್ತಿದ್ದರು. ಊರೊಟ್ಟು ಎಂಬ ಮಾತಿನಲ್ಲಿ ಊರು ಎಂದರೆ ಯಾರು ಎಂಬುದನ್ನು ಈ ಕಟ್ಟಡಗಳನ್ನು ಹೊಗಳುವವರು ಮರೆಯುವಂತಿಲ್ಲ.

ಹೊತ್ತವರ ಸ್ಮರಣೆಯು ಈ ನಾಡಿನಲ್ಲಿ ಒಂದೆಡೆ ಮಾತ್ರ ವಿಚಿತ್ರವಾಗಿ ಉಳಿದಿದೆ. ರಾಯಚೂರಿನ ಕೋಟೆಯ ಒಳಗೋಡೆಯನ್ನು ಕಾಕತೀಯರ ಸಾಮಂತನಾದ ಗೋರೆ ಗನ್ನಯ್ಯ ರೆಡ್ಡಿಯು ಶಕವರ್ಷ 1216ರಲ್ಲಿ, ಎಂದರೆ ಕ್ರಿ. ಶ. 1294ರಲ್ಲಿ, ಕಟ್ಟಿಸಿದನು. ಆ ಗೋಡೆಯು ಗಾರೆಯ ಸಹಾಯವಿಲ್ಲದೆ, ಕೇವಲ ಕಲ್ಲಿಗೆ ಕಲ್ಲನ್ನು ಹೊಂದಿಸಿದ ಕೆಲಸ. ಅದರಲ್ಲಿ 41 ಅಡಿಗೂ ಮಿಗಿಲಾದ ಉದ್ದದ ಒಂದು ಕಲ್ಲಿದೆ. ಅದರ ಮೇಲೆ ತೆಲುಗು ಶಾಸನ. ಹತ್ತಿರದಲ್ಲಿಯೇ, ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೇರಿಸಿ ಪಶುಗಳ ದೀರ್ಘವಾದ ಸಾಲಿನಿಂದ ಎಳೆಯಿಸುತ್ತಿರುವ ಚಿತ್ರವನ್ನೂ, ಗಾಲಿಗಳಿಗೆ ಸನ್ನೆ ಹಾಕಿ ದೂಡುವ ಜನರನ್ನೂ ಗೆರೆಗಳಲ್ಲಿ ಕೊರೆದಿರುವರು. ಒಡೆಯನ ಹೆಸರು ಅಕ್ಷರದಲ್ಲಿದೆ. ದೂಡಿದವರಿಗೆ ಹೆಸರಿಲ್ಲ, ಆಕಾರವಾದರೂ ಇದೆ. ಯಾವ ಶಿಲ್ಪಿಗೆ ಈ ಬುದ್ಧಿ ಬಂದಿತೋ, ಅವನು ಮಣ್ಣು ಹೊತ್ತವರನ್ನೂ ಎಲ್ಲಿಯಾದರೂ ಕೊರೆದಿದ್ದರೆ ಎಷ್ಟು ಚೆನ್ನಾಗಿತ್ತು!

ಕಲ್ಲಿಗೂ ಮಣ್ಣಿಗೂ ನಡುವೆ ನಿಲ್ಲುವುದು ಗಾರೆ. ಎರೆಹೊಲಗಳಲ್ಲಿ ದೊರೆಯುವ ಸುಣ್ಣದ ಹರಳನ್ನು ಸುಟ್ಟು, ಮರಳಿನೊಡನೆ ಎತ್ತಿನ ಗಾಣದಲ್ಲಿ ಅರೆದು, ಬೆಲ್ಲದ ನೀರು ಅಳಲೆಕಾಯಿಯ ರಸಗಳನ್ನು ಬೆರಸುತ್ತಿದ್ದರು. ರಾಯಚೂರಿನ ಒಂದು ಮಿನಾರಿನ ಮಸೀದಿಯು ಬಹಮನಿ ಸುಲ್ತಾನ ಮಹಮೂದಶಾಹನ ಕಾಲದ್ದು, ಹಿಜರಿ 919, ಎಂದರೆ 1513ರ ಸುಮಾರಿನದು. ಸುಮಾರು 65 ಅಡಿ ಎತ್ತರದ ಆ ಮಿನಾರು ಇಂದಿಗೂ ನಿಂತಿದೆ. ವಜ್ರಲೇಪವೆಂಬ ಅಂಟಿನ ಪಾಕವು ಬೃಹತ್ಸಂಹಿತೆಯಲ್ಲಿದೆ: ಎಳೆಯ ಬೇಲದ ಕಾಯಿ, ಬೂರುಗದ ಹೂ, ಬಜೆ ಮೊದಲಾದುವನ್ನು ಒಂದು ದ್ರೋಣ ನೀರಿನಲ್ಲಿ ಎಂಟನೆಯ ಒಂದು ಪಾಲಿಗೆ ಇಳಿಸಿ, ಗುಗ್ಗುಳ ಮೊದಲಾದ ಅಂಟುಗಳನ್ನು ಕೂಡಿಸಬೇಕೆಂದು ವಿಧಾನ. ಅದು ಕೋಟಿ ವರ್ಷ ನಿಲ್ಲುವುದೆಂಬ ಮಾತನ್ನು ಅತಿಶಯೋಕ್ತಿಯೆಂದೇ ತಿಳಿಯಬೇಕು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ವಜ್ರಲೇಪವನ್ನು ಎಮ್ಮೆಯ ತೊಗಲನ್ನು ಬೇಯಿಸಿ ಮಾಡುವ ಕ್ರಮ ಹೇಳಿದೆ; ಅದು ಚಿತ್ರ ಬರೆಯುವ ಗೋಡೆಯನ್ನು ನಯಗೊಳಿಸುವುದಕ್ಕಾಗಿ. ಒಂದೇ ಹೆಸರಿನಲ್ಲಿ ಎರಡು ಪಾಕಗಳು, ಎರಡೂ ಕೈಗೆ ದೊರೆತ ವಸ್ತುಗಳಿಂದ. ಅರಸರ ಗ್ರಂಥದಲ್ಲಿ ಬಂದ ಈ ವಿದ್ಯೆಯನ್ನು ಹದವರಿತು ನಡೆಯಿಸಿದವರು ತೊಗಲನ್ನು ಬೇಯಿಸಿದವರೇ ಹೊರತು ಶ್ಲೋಕವನ್ನು ಬರೆದವರಲ್ಲ.

ಮರದ ಕಂಬಕ್ಕೂ ಈ ಸೀಮೆಯಲ್ಲಿ ಒಂದು ಪೂಜ್ಯತೆ ಬಂದಿದೆ. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು 1809ರಲ್ಲಿ ಮಾನವಿಯ ತಮ್ಮ ಮನೆಯ ಕಂಬದಲ್ಲಿ ಐಕ್ಯರಾದರೆಂದು ಆಸ್ತಿಕರ ನಂಬಿಕೆ. ಆ ಕಂಬಕ್ಕೆ ಈಗಲೂ ಪೂಜೆ ಸಲ್ಲುತ್ತಿದೆ.

ಈ ಪದ್ಧತಿಯು ಸಡಿಲಿದುದು ಒಂದೇ ದಿನದಲ್ಲಲ್ಲ. 1871ರಲ್ಲಿ ಮುಂಬಯಿಯ ಕಡೆಯಿಂದಲೂ ಮದರಾಸಿನ ಕಡೆಯಿಂದಲೂ ಬಂದ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿದುವು. ಅಲ್ಲಿಯವರೆಗೆ ಬಂಡಿಯು ಒಂದು ದಿನದಲ್ಲಿ ತರಬಹುದಾದ ವಸ್ತುವಿನಿಂದಲೇ ಕಟ್ಟಡವಾಗಬೇಕಾಗಿತ್ತು. ಅನಂತರ ಕಬ್ಬಿಣದ ತೊಲೆಯೂ ಬಂದೀತು, ದೂರದ ಹಂಚೂ ಬಂದೀತು. ನಿಜಾಮರ ಆಳಿಕೆಯಲ್ಲಿಯೇ ಶಹಾಬಾದಿನಲ್ಲಿ ಸಿಮೆಂಟು ತಯಾರಾಗತೊಡಗಿತು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಬಿಡಲ್ಪಟ್ಟು, ಕ್ರಮೇಣ 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆಯು ಸಿಂಧನೂರು ಮಾನವಿ ಸೀಮೆಗಳನ್ನು ತೋಯಿಸಿತು. ಜೋಳದ ನಾಡು ಬತ್ತದ ನಾಡಾಯಿತು, ಕೈಯಲ್ಲಿ ಹಣವಾಡಿತು, ಮಾಳಿಗೆಗಳನ್ನು ಕೆಡವಿ ಕಾಂಕ್ರೀಟು ಹಾಕಿಸಿದರು. ಇದನ್ನು ಕೇವಲ ಅನುಕರಣದ ಮೋಹವೆಂದು ನಿಂದಿಸುವುದು ಸುಲಭ. ಆದರೆ ಬಿಟ್ಟಿಯು ನಿಂತುಹೋಗಿದ್ದಿತು. 1976ರಲ್ಲಿ ಜೀತವೂ ಶಾಸನದಿಂದ ನಿಷಿದ್ಧವಾಯಿತು. ರೋಹಿಣಿಯ ಬಿಸಿಲಿನಲ್ಲಿ ಪುಕ್ಕಟೆಯಾಗಿ ಮಾಳಿಗೆ ಹತ್ತುವವರು ಇಲ್ಲವಾದ ಮೇಲೆ, ಹತ್ತಬೇಕಾಗಿಲ್ಲದ ಮೇಲ್ಛಾವಣಿಯು ಜನರಿಗೆ ವರವಾಗಿ ತೋರಿದುದರಲ್ಲಿ ಆಶ್ಚರ್ಯವಿಲ್ಲ.

ಕಾಲುವೆಯು ಬೇರೊಂದು ಪರಿಣಾಮವನ್ನೂ ತಂದಿತು. ನೀರು ಹೆಚ್ಚಾಗಿ ನಿಂತ ಹೊಲಗಳಲ್ಲಿ ಉಪ್ಪು ಮೇಲೆದ್ದು ಎಷ್ಟೋ ಎಕರೆ ಭೂಮಿಯು ಸವಳಾಯಿತು. ಹಿಂದೆ ಮಾಳಿಗೆಗೆಂದು ಹುಡುಕಿ ತರಬೇಕಾಗಿದ್ದ ಮಣ್ಣು, ಮಾಳಿಗೆಗಳು ಮಾಯವಾಗುವ ಕಾಲಕ್ಕೆ, ಬೇಡವೆಂದರೂ ಹೊಲದಲ್ಲಿ ಹರಡಿಕೊಂಡಿತು.

ಉಳಿದಿದ್ದ ಮಣ್ಣಿನ ಕಟ್ಟಡಗಳಿಗೆ ದೊಡ್ಡ ಪೆಟ್ಟು ಬಿದ್ದುದು 2009ರಲ್ಲಿ. ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಆರಂಭವಾಗಿ ಅಕ್ಟೋಬರ್ ಮೊದಲ ದಿನಗಳವರೆಗೆ ಉತ್ತರ ಕರ್ಣಾಟಕದಲ್ಲಿ ಸುರಿದ ಮಳೆಗೆ ರಾಯಚೂರು ಜಿಲ್ಲೆಯೂ ಸೇರಿದಂತೆ ಲಕ್ಷಗಟ್ಟಲೆ ಮನೆಗಳು ಕುಸಿದುವು, ಬಿರಿದುವು. ವರ್ಷವೆಲ್ಲ ಹಂಚಿ ಬೀಳತಕ್ಕ ಮಳೆಗೆ ಒಗ್ಗಿದ ಮಾಳಿಗೆಯು, ಬಿಡದೆ ಹಿಡಿದ ಮಳೆಯಲ್ಲಿ ತೋಯ್ದು ಭಾರವಾಗಿ, ಒಳಗಿದ್ದವರ ಮೇಲೆಯೇ ಕುಳಿತಿತು. ಸರಕಾರವು ‘ಆಸರೆ’ ಎಂಬ ಯೋಜನೆಯಲ್ಲಿ, ದಾನಿಗಳ ನೆರವಿನಿಂದ, ಸಿಮೆಂಟಿನ ಹೊಸ ಮನೆಗಳ ಸಾಲುಗಳನ್ನು ಕಟ್ಟಿಸಿತು. ಮಣ್ಣಿನ ಪಕ್ಷವನ್ನು ವಹಿಸುವವರು ಆ ದಿನಗಳನ್ನು ಮರೆಮಾಚಬಾರದು. ಕೆಲವು ಮಾಳಿಗೆಗಳು ಬಹುಕಾಲ ಸವಳು ಕಾಣದೆ ಸೊರಗಿದ್ದುವೆಂಬುದು ನಿಜವಿರಬಹುದು. ಸತ್ತವರ ಮನೆಯವರಿಗೆ ಅದು ಸಮಾಧಾನವಲ್ಲ.

ಇತ್ತ, ಕಾಂಕ್ರೀಟಿನ ಸಾಲೆಯ ಸುಖವೇನೆಂಬುದನ್ನು ಅದರೊಳಗೆ ಕುಳಿತ ಮಕ್ಕಳನ್ನು ಕೇಳಬೇಕು. ನಾಲ್ಕೈದು ಅಂಗುಲದ ಚಪ್ಪಡಿಯು ಎರಡು ಮೂರು ತಾಸಿನಲ್ಲಿ ಬಿಸಿಲನ್ನು ಒಳಗಿಳಿಸುವುದು. ಅಪರಾಹ್ನದ ಪಾಠದ ಹೊತ್ತಿಗೆ ತಲೆಯ ಮೇಲೆ ಬೆಂಕಿಯ ಹೆಂಚನ್ನಿಟ್ಟಂತಾಗುವುದು. ಜಗತ್ತಿನ ವಾತಾವರಣವನ್ನು ಕಾಯಿಸುತ್ತಿರುವ ಇಂಗಾಲದ ಅನಿಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನ ತಯಾರಿಕೆಯಿಂದ ಹೊರಡುವುದೆಂದು ಶಾಸ್ತ್ರಜ್ಞರು ಲೆಕ್ಕ ಹಾಕಿರುವರು. ಬಿಸಿಲನ್ನು ತಡೆಯಲಾರದ ವಸ್ತುವೇ ಬಿಸಿಲನ್ನು ಹೆಚ್ಚಿಸುವುದರಲ್ಲಿಯೂ ಪಾಲುಗೊಂಡಿದೆ.

ಈ ಎರಡು ಕಷ್ಟಗಳ ನಡುವೆ ಒಂದು ದಾರಿಯನ್ನು ಹುಡುಕಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಅಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಹಳ್ಳಿಗಳಿಗೊದಗುವ ವಿಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ವಿಭಾಗವು ಏರ್ಪಟ್ಟಿತು. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ಗ್ರಾಮಕೇಂದ್ರ. ಕೆ. ಎಸ್. ಜಗದೀಶರೂ ಅವರ ಸಂಗಡಿಗರೂ ಮಣ್ಣಿಗೆ ನೂರಕ್ಕೆ ಐದರಿಂದ ಎಂಟರಷ್ಟು ಮಾತ್ರ ಸಿಮೆಂಟನ್ನು ಕೂಡಿಸಿ, ಕೈಯಿಂದ ನಡೆಯಿಸುವ ಯಂತ್ರದಲ್ಲಿ ಒತ್ತಿ, ಸುಡದೆ ಗಟ್ಟಿಯಾಗುವ ಇಟ್ಟಿಗೆಯನ್ನು ಸಿದ್ಧಗೊಳಿಸಿದರು. ಸುಡುವ ಕಟ್ಟಿಗೆ ಉಳಿಯಿತು. ವರ್ಷ ವರ್ಷ ಸಾರಿಸುವ ಶ್ರಮವೂ ಉಳಿಯಿತು. ಕೇರಳದಲ್ಲಿ ನೆಲಸಿದ ಲಾರಿ ಬೇಕರ್ ಮಹಾಶಯರು (1917–2007) ಚಪ್ಪಡಿಯ ಕೆಳಭಾಗದಲ್ಲಿ ಹಳೆಯ ಹಂಚುಗಳನ್ನು ಹುದುಗಿಸಿ ಸಿಮೆಂಟನ್ನು ಉಳಿಸುವ, ಶಾಖವನ್ನೂ ತಗ್ಗಿಸುವ ಕ್ರಮವನ್ನು ರೂಢಿಗೆ ತಂದರು. 1980ರ ದಶಕದಲ್ಲಿ ಅಲ್ಲಿಯ ಕೊಲ್ಲಂನಲ್ಲಿ ಹುಟ್ಟಿದ ನಿರ್ಮಿತಿ ಕೇಂದ್ರಗಳು ಈ ಕ್ರಮಗಳನ್ನು ಹರಡುವುದಕ್ಕೆಂದೇ ಕರ್ಣಾಟಕದ ಜಿಲ್ಲೆಗಳಲ್ಲಿಯೂ ಸ್ಥಾಪಿತವಾದುವು. ಹೆಸರು ಬಂದಂತೆ ಕ್ರಮವೂ ಬಂದಿದ್ದರೆ ಹೆಚ್ಚು ಸಂತೋಷವಾಗುತ್ತಿತ್ತು.

ಪೋತ್ನಾಳದ ಸೀಮೆಯಲ್ಲಿ ಇದನ್ನು ನಡೆಯಿಸುವವರು ಒಂದು ವಿಷಯದಲ್ಲಿ ಎಚ್ಚರದಿಂದಿರಬೇಕು. ಅಸ್ತ್ರದವರ ಇಟ್ಟಿಗೆಗೆ ಮರಳು ಬೆರೆತ ಕೆಂಪುಮಣ್ಣು ಒಗ್ಗುವುದು. ಎರೆಯನ್ನು ಹಾಗೆಯೇ ಒತ್ತಿದರೆ ಅದು ತನ್ನ ಉಬ್ಬುವ ಗುಣವನ್ನು ಬಿಡದು. ಅದಕ್ಕೆ ಮರಳನ್ನು ಕೂಡಿಸಿ ಸುಣ್ಣದಿಂದ ಹದಗೊಳಿಸಬೇಕು. ಆ ಸುಣ್ಣಕ್ಕೆ ಬೇಕಾದ ಹರಳು ಎರೆಯಲ್ಲಿಯೇ ದೊರೆಯುವುದೆಂಬುದನ್ನು ಗಾರೆಯ ಗಾಣದವರು ಬಹು ಹಿಂದೆಯೇ ಕಂಡುಕೊಂಡಿದ್ದರು.

ಮಣ್ಣಿನ ಕೈಗೆಲಸವು ಈ ಊರಿಗೆ ಪರಕೀಯವೂ ಅಲ್ಲ. ಪೋತ್ನಾಳದಲ್ಲಿ ಕೃಷಿಕೂಲಿಗಳಾದ ದಲಿತ ಹೆಂಗಸರು ಕಟ್ಟಿಕೊಂಡ ಜಾಗೃತ ಮಹಿಳಾ ಸಂಘಟನೆಯವರು ಸುಟ್ಟ ಮಣ್ಣಿನ ಆಭರಣಗಳನ್ನು ಮಾಡಿ ದೂರದ ಪಟ್ಟಣಗಳಿಗೂ ಮುಟ್ಟಿಸಿರುವರು. ಯಾರ ಅಜ್ಜಿಯರು ಚಾವಡಿಗೆ ಬಿಟ್ಟಿಯ ಮಣ್ಣು ಹೊತ್ತರೋ ಅವರ ಮೊಮ್ಮಕ್ಕಳು ಅದೇ ಮಣ್ಣಿಗೆ ತಾವೇ ಬೆಲೆ ಕಟ್ಟಿದರು.

2005ರಲ್ಲಿ ಗ್ರಾಮೀಣ ಉದ್ಯೋಗ ಖಾತರಿಯ ಶಾಸನವಾಗಿ, 2006ರ ಫೆಬ್ರವರಿಯಲ್ಲಿ ಅದು ಆಯ್ದ 200 ಜಿಲ್ಲೆಗಳಲ್ಲಿ ಜಾರಿಗೆ ಬಂದಿತು, ರಾಯಚೂರು ಅವುಗಳಲ್ಲೊಂದು. ಮಣ್ಣು ಹೊತ್ತವರ ಹೆಸರುಗಳು ಹಾಜರಿಯ ಪಟ್ಟಿಯಲ್ಲಿ ಬರೆಯಲ್ಪಟ್ಟು, ಹೆಂಗಸಿಗೂ ಗಂಡಸಿಗೂ ಸಮನಾದ ಕೂಲಿಯು ನಿಗದಿಯಾಯಿತು. ಆ ಶಾಸನದ ಕಟ್ಟಳೆಯಂತೆ ವೆಚ್ಚದಲ್ಲಿ ನೂರಕ್ಕೆ 60ಕ್ಕೆ ಕಡಿಮೆಯಿಲ್ಲದ ಪಾಲು ಕೂಲಿಗೂ 40ಕ್ಕೆ ಮೀರದ ಪಾಲು ಸಾಮಗ್ರಿಗೂ ಸಲ್ಲಬೇಕಾಗಿದ್ದಿತು. ಸಿಮೆಂಟು ಕಬ್ಬಿಣಗಳ ಕಟ್ಟಡದಲ್ಲಿ ಈ ಲೆಕ್ಕವು ತಿರುಗುಮುರುಗಾಗುವುದು. ಮಣ್ಣು, ಗಾರೆ, ಕಲ್ಲುಗಳ ಕಟ್ಟಡದಲ್ಲಿ ಅದು ತಾನಾಗಿಯೇ ಕೂಡಿಬರುವುದು. ಆದರೂ ಆ ಯೋಜನೆಯಡಿಯಲ್ಲಿ ಪಂಚಾಯಿತಿಗಳಿಗೆಂದು ಎದ್ದ ಸೇವಾಕೇಂದ್ರಗಳ ಅಂದಾಜು ಪಟ್ಟಿಗಳಲ್ಲಿ ಸಾಮಾನ್ಯವಾಗಿ ಬರೆಯಲ್ಪಟ್ಟುದು ಸಿಮೆಂಟು ಕಬ್ಬಿಣಗಳೇ. ಕೂಲಿಯ ಪಾಲನ್ನು ತೋಡುವ, ಹೂಳೆತ್ತುವ ಕೆಲಸಗಳಿಂದ ಸರಿದೂಗಿಸಿಕೊಂಡರು.